ಲೆಕ್ಕಕ್ಕಿಂತ ಜಾಸ್ತಿ ಹಲ್ಲು: ಕೀಳಿಸಬೇಕಾ, ಬಿಡಬೇಕಾ?

ತಮ್ಮ ಹಲ್ಲುಗಳನ್ನು ತಾವೇ ಎಣಿಸಿ ನೋಡಿದವರು ಕಡಿಮೆ. ಹಾಗಾಗಿ ಬಾಯಲ್ಲಿ ಒಂದು ಹಲ್ಲು ಜಾಸ್ತಿ ಇದೆ ಅನ್ನೋದು ದೊಡ್ಡವರಿಗೆ ಬೇರೆ ಯಾವುದೋ ಕೆಲಸಕ್ಕೆ ಹೋದಾಗಲೇ ಗೊತ್ತಾಗುವುದು ಜಾಸ್ತಿ. ಬುದ್ಧಿಹಲ್ಲು ನೋಯುತ್ತಿದೆ ಎಂದೋ, ಮದುವೆಗೆ ಮುಂಚೆ ಕ್ಲಿಪ್ ಹಾಕಿಸಿಕೊಳ್ಳೋಣ ಎಂದೋ ಡೆಂಟಿಸ್ಟ್ ಹತ್ತಿರ ಹೋಗಿರುತ್ತಾರೆ. ಅಲ್ಲಿ ಒಪಿಜಿ ತೆಗೆಯುತ್ತಾರೆ. ಎರಡೂ ದವಡೆ ಒಂದೇ ಚಿತ್ರದಲ್ಲಿ ಕಾಣುವ ಎಕ್ಸ್‌ರೇ ಅದು. ಡಾಕ್ಟರು ಪೆನ್ನಿನ ತುದಿ ಇಟ್ಟು, "ಇಲ್ಲೊಂದು ಎಕ್ಸ್‌ಟ್ರಾ ಹಲ್ಲಿದೆ ನೋಡಿ" ಅನ್ನುತ್ತಾರೆ.

ಆಗ ಕೆಲವರು "ಹಾಗಾದ್ರೆ ನಾಳೇನೇ ತೆಗೆದುಬಿಡಿ ಡಾಕ್ಟ್ರೇ" ಅನ್ನುತ್ತಾರೆ. ಇನ್ನು ಕೆಲವರು "ನೋವೇ ಇಲ್ಲ, ಸುಮ್ನೆ ಯಾಕೆ ಮುಟ್ಟೋದು" ಎಂದು ಎದ್ದು ಬರುತ್ತಾರೆ. ಎರಡೂ ಸರಿಯಿರಬಹುದು, ಎರಡೂ ತಪ್ಪಿರಬಹುದು. ಹಲ್ಲು ಹೆಚ್ಚಿಗೆ ಇದೆ ಅನ್ನೋದೊಂದೇ ಅದನ್ನು ಕೀಳಲು ಕಾರಣವಲ್ಲ. ಅದು ಪಕ್ಕದ ಹಲ್ಲುಗಳಿಗೆ ಏನು ಮಾಡುತ್ತಿದೆ, ಆ ಜಾಗದಲ್ಲಿ ಮುಂದೆ ಏನು ಮಾಡಬೇಕೆಂದಿದ್ದೀರಿ, ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ತೀರ್ಮಾನ ಮಾಡಬೇಕು.

ಮೊದಲು ಲೆಕ್ಕ. ಬಾಯಿಯನ್ನು ನಾಲ್ಕು ಭಾಗ ಮಾಡಿಕೊಳ್ಳಿ: ಮೇಲೆ ಎಡ, ಮೇಲೆ ಬಲ, ಕೆಳಗೆ ಎಡ, ಕೆಳಗೆ ಬಲ. ಪ್ರತಿ ಭಾಗದಲ್ಲೂ ನಡುಗೆರೆಯಿಂದ ಶುರುಮಾಡಿದರೆ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ಚಿಕ್ಕ ದವಡೆಹಲ್ಲು, ಮೂರು ದೊಡ್ಡ ದವಡೆಹಲ್ಲು. ಒಟ್ಟು 8. ನಾಲ್ಕು ಭಾಗ ಸೇರಿದರೆ 32. ಆದರೆ 32ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಹೆಚ್ಚುವರಿ ಹಲ್ಲು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಎಷ್ಟೋ ಜನರಿಗೆ ಬುದ್ಧಿಹಲ್ಲು ಹೊರಗೆ ಬಂದೇ ಇರುವುದಿಲ್ಲ. ಅಂಥವರ ಬಾಯಲ್ಲಿ ಕಾಣುವುದು 28. ಅವರಿಗೆ ಮುಂದೆ ಒಂದು ಹಲ್ಲು ಹೆಚ್ಚಿಗೆ ಬಂದರೆ ಒಟ್ಟು 29 ಆಗುತ್ತದೆ ಅಷ್ಟೆ. ಎಲ್ಲಿ ಎಷ್ಟಿರಬೇಕೋ ಅಲ್ಲಿ ಅಷ್ಟೇ ಇದೆಯಾ ಎಂದು ನೋಡಬೇಕೇ ಹೊರತು ಒಟ್ಟು ಸಂಖ್ಯೆ ನೋಡಿದರೆ ಸಾಲದು.

ಇನ್ನೊಂದು ಗೊಂದಲ ನಮ್ಮ ಕಡೆಯದೇ. ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟ ಅನ್ನುತ್ತಾರಲ್ಲ, ಆ ಹಲ್ಲು ಬಹುತೇಕ ಹೆಚ್ಚಿನ ಹಲ್ಲೇ ಅಲ್ಲ. ಜಾಗ ಸಾಲದೆ ಮೇಲಕ್ಕೆ ಉಳಿದುಬಿಟ್ಟ ಕೋರೆಹಲ್ಲು ಅದು. ಲೆಕ್ಕದೊಳಗಿನದ್ದೇ. ಅದನ್ನು "ಎಕ್ಸ್‌ಟ್ರಾ" ಎಂದು ಕೀಳಿಸಿಕೊಂಡರೆ ಬಾಯಲ್ಲಿ ಅತಿ ಗಟ್ಟಿಯಾದ, ಅತಿ ಉದ್ದದ ಬೇರಿರುವ ಹಲ್ಲನ್ನೇ ಕಳೆದುಕೊಂಡಂತೆ. ಹಾಗೇ ಕೆಲವರಿಗೆ ಮೂವತ್ತು, ನಲವತ್ತು ವರ್ಷವಾದರೂ ಒಂದು ಹಾಲುಹಲ್ಲು ಬಿದ್ದಿರುವುದಿಲ್ಲ. ಪಕ್ಕದವಕ್ಕಿಂತ ಚಿಕ್ಕದಾಗಿ, ಬೆಳ್ಳಗೆ ಇರುತ್ತದೆ. ಅದನ್ನೂ ಹೆಚ್ಚಿನದು ಅಂದುಕೊಳ್ಳುವವರಿದ್ದಾರೆ. ಅದರ ಕೆಳಗೆ ಬರಬೇಕಾದ ಹಲ್ಲು ಇಲ್ಲದೇ ಇರಬಹುದು. ಆಗ ಆ ಹಾಲುಹಲ್ಲೇ ಗತಿ, ಕಿತ್ತರೆ ಜಾಗ ಖಾಲಿ.

ನಿಜವಾದ ಹೆಚ್ಚುವರಿ ಹಲ್ಲು ಶಾಶ್ವತ ಹಲ್ಲುಗಳ ಸಾಲಿನಲ್ಲಿ ನೂರು ಜನರಲ್ಲಿ ಸುಮಾರು ಒಬ್ಬರಿಂದ ಮೂವರಿಗೆ ಇರುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಬಹುಪಾಲು ಮೇಲ್ದವಡೆಯಲ್ಲಿ, ಅದರಲ್ಲೂ ಮುಂದಿನ ಎರಡು ಬಾಚಿಹಲ್ಲುಗಳ ನಡುವೆ ಅಥವಾ ಅವುಗಳ ಹಿಂದೆ ಅಂಗುಳಿನ ಕಡೆಗೆ. ಡೆಂಟಿಸ್ಟರು ಇದನ್ನು ಮೀಸಿಯೋಡೆನ್ಸ್ ಅನ್ನುತ್ತಾರೆ. ಚಿಕ್ಕದು, ಮೊನಚು. ದವಡೆಹಲ್ಲಿನ ಪಕ್ಕದಲ್ಲಿ ಕೆನ್ನೆಯ ಕಡೆ ಮೂಡಿದರೆ ಪ್ಯಾರಾಮೋಲಾರ್. ಬುದ್ಧಿಹಲ್ಲಿನ ಹಿಂದೆ ನಾಲ್ಕನೆಯ ದವಡೆಹಲ್ಲಾಗಿ ಬಂದರೆ ಡಿಸ್ಟೋಮೋಲಾರ್. ಕೆಳದವಡೆಯಲ್ಲಿ ಚಿಕ್ಕ ದವಡೆಹಲ್ಲುಗಳ ಹತ್ತಿರವೂ ಬರುತ್ತವೆ. ಈ ಕೆಳದವಡೆಯವುಗಳ ಒಂದು ವಿಶೇಷ ಏನಂದರೆ ತಡವಾಗಿ ಹುಟ್ಟುತ್ತವೆ. ಹನ್ನೆರಡನೇ ವಯಸ್ಸಿನಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಸುಳಿವೇ ಇಲ್ಲದೆ, ಇಪ್ಪತ್ತರ ಹತ್ತಿರ ತೆಗೆದದ್ದರಲ್ಲಿ ಕಾಣಿಸಿಕೊಳ್ಳಬಹುದು. "ಆಗ ಸರಿಯಾಗಿ ನೋಡಿರಲಿಲ್ಲ" ಎಂದು ಹಳೇ ಡಾಕ್ಟರನ್ನು ಬೈಯುವ ಮುಂಚೆ ಇದೊಂದು ನೆನಪಿರಲಿ.

ಕಾರಣ? ಮಗು ಹೊಟ್ಟೆಯಲ್ಲಿದ್ದಾಗಲೇ ವಸಡಿನೊಳಗೆ ಹಲ್ಲುಗಳ ಮೊಳಕೆ ಹುಟ್ಟುವ ಒಂದು ಪಟ್ಟಿ ರೂಪುಗೊಳ್ಳುತ್ತದೆ. ಅದು ತನ್ನ ಕೆಲಸ ಮುಗಿಸಿ ಕರಗಬೇಕು. ಕೆಲವರಲ್ಲಿ ಅಲ್ಲಲ್ಲಿ ಉಳಿದು ಇನ್ನೊಂದು ಹಲ್ಲು ಕಟ್ಟಿಬಿಡುತ್ತದೆ. ಈಗ ಹೆಚ್ಚು ಜನ ಒಪ್ಪುವ ವಿವರಣೆ ಇದು. ಮನೆತನದಲ್ಲಿ ಬರುವುದೂ ಇದೆ. ಸಿಹಿ ತಿಂದದ್ದಕ್ಕೋ ಹಲ್ಲು ಸರಿಯಾಗಿ ಉಜ್ಜದ್ದಕ್ಕೋ ಬರುವಂಥದ್ದಲ್ಲ. ಜಪಾನಿನಲ್ಲಿ ಸಂಶೋಧಕರು ಯುಸ್ಯಾಗ್-1 ಎಂಬ ಜೀನ್ ಇಲ್ಲದ ಇಲಿಗಳಿಗೆ ಹೆಚ್ಚಿನ ಹಲ್ಲು ಬರುವುದನ್ನು ನೋಡಿ, ಅದನ್ನೇ ತಿರುಗಿಸಿ ಯೋಚಿಸಿದರು. ಆ ಜೀನಿನ ಪ್ರೋಟೀನ್ ತಡೆದರೆ ಹಲ್ಲಿಲ್ಲದವರಿಗೆ ಹೊಸ ಹಲ್ಲು ಬರಿಸಬಹುದಾ? 2021ರಲ್ಲಿ ಪ್ರಾಣಿಗಳಲ್ಲಿ ಮಾಡಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. 2024ರಲ್ಲಿ ಕ್ಯೋಟೋದಲ್ಲಿ ಮನುಷ್ಯರ ಮೇಲೆ ಔಷಧದ ಮೊದಲ ಹಂತದ ಪರೀಕ್ಷೆ ಶುರುವಾಯಿತು. ನಮಗೆ ಬೇಡದ ಹಲ್ಲು ಬೇರೆಯವರಿಗೆ ಬೇಕಾದ ಹಲ್ಲಿನ ದಾರಿ ತೋರಿಸುತ್ತಿದೆ, ತಮಾಷೆ ಅಲ್ವಾ.

ಸಂಖ್ಯೆಯ ವಿಚಾರಕ್ಕೆ ಬಂದರೆ, 2014ರಲ್ಲಿ ಬೆಂಗಳೂರಿನವರೊಬ್ಬರು 37 ಹಲ್ಲುಗಳಿಂದ ಗಿನ್ನೆಸ್ ದಾಖಲೆ ಸೇರಿದರು. ಆಮೇಲೆ ಕೆನಡಾದ ಒಬ್ಬರು 41 ಹಲ್ಲುಗಳೊಂದಿಗೆ ಅದನ್ನು ದಾಟಿದರು. 2019ರಲ್ಲಿ ಚೆನ್ನೈನಲ್ಲಿ ಏಳು ವರ್ಷದ ಹುಡುಗನ ದವಡೆಯಿಂದ 526 ಹಲ್ಲು ತೆಗೆದರು ಎಂಬ ಸುದ್ದಿ ಇನ್ನೂ ವಾಟ್ಸಾಪಿನಲ್ಲಿ ಓಡಾಡುತ್ತದೆ. ಸುಳ್ಳಲ್ಲ. ಆದರೆ ಅದು ಒಡೊಂಟೋಮಾ ಎಂಬ ಗಡ್ಡೆ. ಒಂದೇ ಚೀಲದೊಳಗೆ ಪುಟ್ಟಪುಟ್ಟ ಹಲ್ಲಿನಾಕಾರದ ಚೂರುಗಳು ತುಂಬಿಕೊಂಡಿರುತ್ತವೆ. ಅದರ ಲೆಕ್ಕಾಚಾರ ಬೇರೆ, ಇಲ್ಲಿ ಬೇಡ.

ಈಗ ಮುಖ್ಯ ವಿಷಯ. ಎಕ್ಸ್‌ರೇಯಲ್ಲಿ ಹಲ್ಲು ಕಂಡಿತು ಎಂದರೆ ಎಲ್ಲ ಗೊತ್ತಾಯಿತು ಎಂದಲ್ಲ. ಒಪಿಜಿ ಯಂತ್ರ ತಲೆಯ ಸುತ್ತ ತಿರುಗುತ್ತಾ ಚಿತ್ರ ತೆಗೆಯುತ್ತದೆ. ಅದರಲ್ಲಿ ಮುಂದಿನ ಭಾಗ, ಬೆನ್ನುಮೂಳೆಯ ನೆರಳು ಬಿದ್ದು, ಸ್ವಲ್ಪ ಮಸುಕಾಗಿ ಬರುತ್ತದೆ. ಹೆಚ್ಚಿನ ಹಲ್ಲು ಜಾಸ್ತಿ ಬರುವುದೂ ಅಲ್ಲೇ! ಹಾಗಾಗಿ ಮುಂದಿನ ಹಲ್ಲುಗಳಿಗೆ ಬಾಯೊಳಗೆ ಫಿಲ್ಮ್ ಇಟ್ಟು ಚಿಕ್ಕ ಎಕ್ಸ್‌ರೇ ಬೇರೆ ತೆಗೆಯುತ್ತಾರೆ. ಕೆಲವೊಮ್ಮೆ ಎರಡು ತೆಗೆಯುತ್ತಾರೆ, ಎರಡನೆಯದು ಯಂತ್ರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. "ಒಂದೇ ಹಲ್ಲಿಗೆ ಎರಡು ಬಾರಿ ದುಡ್ಡು" ಅನ್ನಿಸಬಹುದು. ಅದಕ್ಕೆ ಕಾರಣವಿದೆ. ಒಂದು ಕಣ್ಣು ಮುಚ್ಚಿ, ಎರಡು ಕೈಯ ತೋರುಬೆರಳುಗಳನ್ನು ಒಂದರ ಹಿಂದೆ ಒಂದು ಹಿಡಿಯಿರಿ. ತಲೆಯನ್ನು ಬಲಕ್ಕೆ ಸರಿಸಿ. ದೂರದ ಬೆರಳು ನಿಮ್ಮ ಜೊತೆ ಬಲಕ್ಕೇ ಸರಿದಂತೆ, ಹತ್ತಿರದ್ದು ಎಡಕ್ಕೆ ಸರಿದಂತೆ ಕಾಣುತ್ತದೆ. ಎಕ್ಸ್‌ರೇಯಲ್ಲೂ ಹೀಗೇ. ಯಂತ್ರ ಸರಿದ ಕಡೆಗೇ ಹೆಚ್ಚಿನ ಹಲ್ಲೂ ಸರಿದು ಕಂಡರೆ ಅದು ಅಂಗುಳಿನ ಕಡೆಗಿದೆ. ವಿರುದ್ಧ ದಿಕ್ಕಿಗೆ ಸರಿದರೆ ತುಟಿಯ ಕಡೆಗಿದೆ. ಕೊಯ್ಯುವುದು ಎಲ್ಲಿಂದ ಅನ್ನೋದು ಇದರ ಮೇಲೆ ನಿಂತಿದೆ. ತಪ್ಪಿದರೆ ಸುಮ್ಮನೆ ಒಂದು ಕಡೆ ಮೂಳೆ ಕೊರೆದು ಆಮೇಲೆ ಇನ್ನೊಂದು ಕಡೆ ಕೊರೆಯಬೇಕಾಗುತ್ತದೆ.

ಹಲ್ಲು ಆಳದಲ್ಲಿ ಹುದುಗಿದ್ದರೆ ಸಿಬಿಸಿಟಿ ಸ್ಕ್ಯಾನ್ ಹೇಳುತ್ತಾರೆ. ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸ್ಕ್ಯಾನ್ ಅದು. ವಿಕಿರಣ ಒಪಿಜಿಗಿಂತ ಜಾಸ್ತಿ, ಖರ್ಚೂ ಜಾಸ್ತಿ. ಹೊರಗೆ ಕಾಣುತ್ತಿರುವ ಹಲ್ಲಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹುದುಗಿದ ಹಲ್ಲು ಪಕ್ಕದ ಬೇರನ್ನೋ ನರವನ್ನೋ ಮುಟ್ಟುತ್ತಿದೆಯಾ ಎಂಬ ಅನುಮಾನ ಇದ್ದಾಗ, ಆಪರೇಷನ್ ಮಾಡುವುದು ಖಚಿತವಾದಾಗ ಅದಕ್ಕೆ ಹಾಕಿದ ದುಡ್ಡು ದಂಡವಲ್ಲ.

ಚಿತ್ರ ಕೈಗೆ ಬಂದ ಮೇಲೆ ಡಾಕ್ಟರ ಜೊತೆ ಕೂತು ಇವನ್ನು ನೋಡಿ. ಹುದುಗಿದ ಹಲ್ಲಿನ ತಲೆಯ ಸುತ್ತ ತೆಳುವಾದ ಕಪ್ಪು ಅಂಚು ಇರುವುದು ಸಹಜ. ಆ ಅಂಚು ಸುಮಾರು 5 ಮಿಲಿಮೀಟರಿಗಿಂತ ಅಗಲವಾದರೆ ನೀರುಗಂಟು ಬೆಳೆಯುತ್ತಿರುವ ಅನುಮಾನ. ಇದನ್ನು ಸಿಸ್ಟ್ ಅನ್ನುತ್ತಾರೆ. ನೋವಿಲ್ಲದೆ ವರ್ಷಗಟ್ಟಲೆ ಬೆಳೆದು, ಒಳಗಿನಿಂದ ದವಡೆಯ ಮೂಳೆಯನ್ನು ಟೊಳ್ಳು ಮಾಡಬಲ್ಲದು. "ನೋವಿಲ್ಲ, ಬಿಡಿ" ಎಂಬ ಮಾತು ಇಲ್ಲಿ ಕೈಕೊಡುತ್ತದೆ. ಇನ್ನೊಂದು, ಪಕ್ಕದ ಹಲ್ಲಿನ ಬೇರು. ಹೆಚ್ಚಿನ ಹಲ್ಲು ಒತ್ತಿ ಒತ್ತಿ ಆ ಬೇರು ಸವೆದಿದೆಯಾ? ಸವೆದ ಬೇರು ಮತ್ತೆ ಬೆಳೆಯುವುದಿಲ್ಲ. ಅಪರೂಪಕ್ಕೆ ತಲೆಕೆಳಗಾಗಿ ಕೂತ ಮೀಸಿಯೋಡೆನ್ಸ್ ಮೂಗಿನ ತಳಕ್ಕೆ ಮೂಡುವುದೂ ಉಂಟು. ಒಂದೇ ಹೊಳ್ಳೆ ಸದಾ ಕಟ್ಟುವುದು, ವಾಸನೆ ಬರುವುದು ಇದ್ದರೆ ಮೂಗಿನ ಡಾಕ್ಟರಿಗೂ ತೋರಿಸಬೇಕು.

ಇಂಥದ್ದು ಯಾವುದೂ ಇಲ್ಲ, ಹಲ್ಲು ಮೂಳೆಯೊಳಗೆ ಆಳದಲ್ಲಿ ಸುಮ್ಮನಿದೆ, ಕ್ಲಿಪ್ ಹಾಕಿಸುವ, ಇಂಪ್ಲಾಂಟ್ (ಮೂಳೆಗೆ ತಿರುಪು ಹಾಕಿ ನಿಲ್ಲಿಸುವ ಕೃತಕ ಹಲ್ಲು) ಕೂರಿಸುವ ಯೋಚನೆ ಇಲ್ಲ ಎಂದರೆ, ದೊಡ್ಡವರಲ್ಲಿ ಅದನ್ನು ಹಾಗೇ ಬಿಡುವುದು ಒಪ್ಪಿತ ಕ್ರಮ. ತೆಗೆಯಲು ಹೋಗಿ ಪಕ್ಕದ ಒಳ್ಳೆಯ ಬೇರಿಗೆ ಪೆಟ್ಟು ಮಾಡುವ ಅಪಾಯ, ಹಲ್ಲನ್ನು ಹಾಗೇ ಬಿಟ್ಟರೆ ಆಗುವ ಅಪಾಯಕ್ಕಿಂತ ದೊಡ್ಡದಿರಬಹುದು. ಆದರೆ ಬಿಡುವುದು ಅಂದರೆ ಮರೆಯುವುದಲ್ಲ. ಡಾಕ್ಟರು ಹೇಳಿದ ಅಂತರದಲ್ಲಿ ಮತ್ತೆ ಎಕ್ಸ್‌ರೇ ತೆಗೆಸಿ ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು. ಊರು ಬದಲಿಸಿದರೆ, ಕ್ಲಿನಿಕ್ ಬದಲಿಸಿದರೆ ಹಳೇ ಚಿತ್ರ ಅಲ್ಲೇ ಉಳಿಯುತ್ತದೆ. ಹೋಲಿಸಲು ಏನೂ ಇರುವುದಿಲ್ಲ. ಚಿತ್ರದ ಪ್ರತಿಯನ್ನು ಮೊದಲ ದಿನವೇ ಕೇಳಿ ಫೋನಿನಲ್ಲಿ, ಮೇಲ್‌ನಲ್ಲಿ ಇಟ್ಟುಕೊಳ್ಳಿ.

ಹೊರಗೆ ಬಂದ ಹೆಚ್ಚಿನ ಹಲ್ಲಿನ ಕಥೆ ಬೇರೆ. ಮೂರು ಜನರ ಬಸ್ ಸೀಟಿನಲ್ಲಿ ನಾಲ್ಕನೆಯವರು ಕೂತ ಹಾಗೆ ಅಕ್ಕಪಕ್ಕದವೆಲ್ಲ ಓರೆಯಾಗುತ್ತವೆ. ಸಂದಿಯಲ್ಲಿ ಊಟ ಸಿಕ್ಕಿಕೊಳ್ಳುತ್ತದೆ. ಬ್ರಷ್ ಹೋಗುವುದಿಲ್ಲ. ಕೊನೆಗೆ ಹುಳುಕು ಹಿಡಿಯುವುದು ಹೆಚ್ಚಿನ ಹಲ್ಲಿಗೆ ಮಾತ್ರ ಅಲ್ಲ, ಪಕ್ಕದ ಒಳ್ಳೆಯ ಹಲ್ಲಿಗೂ. ಪ್ಯಾರಾಮೋಲಾರ್ ಇರುವವರಿಗೆ ಇದು ದಿನನಿತ್ಯದ ಕಾಟ. ಕೆನ್ನೆ ಕಚ್ಚಿಕೊಳ್ಳುವುದೂ ಇದೆ. ಇಂಥ ಹಲ್ಲನ್ನು ತೆಗೆಸುವುದೇ ಒಳ್ಳೆಯದು ಎಂದು ನನಗನ್ನಿಸುತ್ತದೆ. ಇಟ್ಟುಕೊಳ್ಳುತ್ತೇನೆ ಅನ್ನುವವರು ಒಂದೇ ಕುಚ್ಚಿನ ಚಿಕ್ಕ ಬ್ರಷ್, ಸಂದಿಗೆ ಹೋಗುವ ಇಂಟರ್‌ಡೆಂಟಲ್ ಬ್ರಷ್ ಎರಡನ್ನೂ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ಎಲ್ಲ ಹೆಚ್ಚಿನ ಹಲ್ಲೂ ಮೊನಚಾಗಿರುವುದಿಲ್ಲ. ಕೆಲವು ಪಕ್ಕದ ಹಲ್ಲಿನ ತದ್ರೂಪು. ಕೆಳಗೆ ಮುಂದೆ ನಾಲ್ಕರ ಬದಲು ಐದು ಬಾಚಿಹಲ್ಲು, ಐದೂ ಒಂದೇ ಥರ. ಇವುಗಳಲ್ಲಿ ಹೆಚ್ಚಿನದು ಯಾವುದು ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ಕ್ಲಿಪ್ ಹಾಕುವಾಗ ಒಂದನ್ನು ತೆಗೆಯಬೇಕಾದರೆ ಹುಳುಕಾದದ್ದು, ಬೇರು ಕುಗ್ಗಿದ್ದು, ಸಾಲಿನಿಂದ ತೀರಾ ಆಚೆ ಹೋದದ್ದು ಯಾವುದೋ ಅದನ್ನು ತೆಗೆಯುತ್ತಾರೆ. ಐದೂ ನೆಟ್ಟಗೆ ಕೂತಿದ್ದರೆ ಯಾರೂ ಮುಟ್ಟಬೇಕಿಲ್ಲ.

ಸಂಗೀತಗಾರ ಫ್ರೆಡಿ ಮರ್ಕ್ಯುರಿ ಗೊತ್ತಲ್ಲ? ಜಾಂಜಿಬಾರಿನಲ್ಲಿ ಹುಟ್ಟಿ, ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ. ಅವರ ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದು, ಮುಂದಿನ ಹಲ್ಲುಗಳನ್ನು ಹೊರಕ್ಕೆ ತಳ್ಳಿದ್ದವು. ದುಡ್ಡಿಗೆ ಕೊರತೆ ಇರಲಿಲ್ಲ. ಆದರೂ ಸರಿಮಾಡಿಸಿಕೊಳ್ಳಲಿಲ್ಲ, ದನಿ ಕೆಟ್ಟೀತು ಎಂಬ ಹೆದರಿಕೆ. ಹಲ್ಲು ತೆಗೆದರೆ ಗಂಟಲಿನ ದನಿ ಕೆಡುವುದಿಲ್ಲ. ಆದರೆ ವರ್ಷಾನುಗಟ್ಟಲೆ ಒಂದು ಬಾಯಿಯ ಆಕಾರಕ್ಕೆ ಒಗ್ಗಿಕೊಂಡು ಹಾಡಿದವರಿಗೆ ಉಚ್ಚಾರಣೆ ಕೆಲದಿನ ಬೇರೆ ಅನ್ನಿಸುವುದು ಸಹಜ. ಅವರ ನಿರ್ಧಾರವನ್ನು ಮೌಢ್ಯ ಅನ್ನಲು ನನಗೆ ಮನಸ್ಸಾಗುವುದಿಲ್ಲ. ದೊಡ್ಡವರ ಬಾಯಿ ದೊಡ್ಡವರದ್ದೇ, ಅವರ ಇಷ್ಟಕ್ಕೂ ತೂಕವಿದೆ.

ಮೌಢ್ಯ ಎಂದರೆ ಇನ್ನೊಂದು: ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅನ್ನೋದು. ಹಲ್ಲಿನ ನೋವು ತಿಳಿಸುವ ನರ ಬೇರೆ, ಕಣ್ಣಿನ ದೃಷ್ಟಿಯ ನರ ಬೇರೆ. ಒಂದಕ್ಕೊಂದು ಸಂಬಂಧವಿಲ್ಲ.

ತೆಗೆಸುವುದು ಎಂದಾದರೆ ಏನಾಗುತ್ತದೆ ಎಂದು ಹೇಳಿಬಿಡುತ್ತೇನೆ. ಗೊತ್ತಿದ್ದರೆ ಹೆದರಿಕೆ ಕಡಿಮೆ. ಹೊರಗೆ ಕಾಣುವ ಮೊನಚು ಹಲ್ಲಾದರೆ ಸಾಮಾನ್ಯ ಹಲ್ಲು ಕಿತ್ತ ಹಾಗೇ. ಅಂಗುಳಿನ ಕಡೆ ಹುದುಗಿದ್ದರೆ ಅದು ಚಿಕ್ಕ ಆಪರೇಷನ್. ಬಾಯಿ ಮತ್ತು ದವಡೆಯ ಸರ್ಜನ್ ಮಾಡುವುದು ವಾಸಿ. ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಅಂಗುಳಿಗೆ ಕೊಡುವುದೇ ಜಾಸ್ತಿ ನೋಯುವುದು, ಅದಕ್ಕೆ ಮೊದಲು ಜೆಲ್ ಹಚ್ಚುತ್ತಾರೆ. ಆಮೇಲೆ ಹಲ್ಲುಗಳ ಒಳಬದಿಯಲ್ಲಿ ವಸಡಿನ ಅಂಚಿಗೇ ಕೊಯ್ದು, ಅಂಗುಳಿನ ಚರ್ಮವನ್ನು ಹಿಂದಕ್ಕೆ ಬಿಡಿಸುತ್ತಾರೆ. ಸಲೈನ್ ನೀರು ಬಿಡುತ್ತಾ ಮೂಳೆಯನ್ನು ಸ್ವಲ್ಪ ಕೊರೆಯುತ್ತಾರೆ. ನೀರು ಯಾಕೆಂದರೆ ಬಿಸಿಗೆ ಮೂಳೆ ಸಾಯಬಾರದು. ಹಲ್ಲು ಇಡಿಯಾಗಿ ಬಾರದಿದ್ದರೆ ಎರಡು ತುಂಡು ಮಾಡಿ ತೆಗೆಯುತ್ತಾರೆ. ಚರ್ಮ ಮತ್ತೆ ಕೂರಿಸಿ ಹೊಲಿಗೆ ಹಾಕುತ್ತಾರೆ. ನೋವಿರುವುದಿಲ್ಲ, ಒತ್ತುವುದು, ಅಲುಗಾಡಿಸುವುದು, ಡ್ರಿಲ್ಲಿನ ಸದ್ದು ಗೊತ್ತಾಗುತ್ತದೆ. ಮುಂದಿನ ಅಂಗುಳು ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಮರಗಟ್ಟಿದಂತೆ ಇರಬಹುದು. ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ಕೆಳದವಡೆಯಲ್ಲಿ ಎಚ್ಚರ ಜಾಸ್ತಿ ಬೇಕು, ತುಟಿ ಮತ್ತು ಗಲ್ಲಕ್ಕೆ ಹೋಗುವ ನರ ಅಲ್ಲಿದೆ. ಮೇಲೆ ತೀರಾ ಹಿಂದಿನ ಹಲ್ಲಿಗೆ ಸೈನಸ್, ಅಂದರೆ ಕೆನ್ನೆಯ ಮೂಳೆಯೊಳಗಿನ ಗಾಳಿಗೂಡು, ಹತ್ತಿರ. ಇದನ್ನೆಲ್ಲ ಮುಂಚೆಯೇ ಕೇಳಿ ತಿಳಿದುಕೊಳ್ಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಗಳಿಗೆಯಲ್ಲಲ್ಲ.

ನಿಮ್ಮ ಮಾತ್ರೆಗಳ ವಿಚಾರ ಡಾಕ್ಟರಿಗೆ ಹೇಳಲೇಬೇಕು. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆಯೋ ವರ್ಷಕ್ಕೊಮ್ಮೆಯೋ ಔಷಧ ತೆಗೆದುಕೊಂಡವರು ಅದನ್ನು ಹಲ್ಲಿನ ಡಾಕ್ಟರಿಗೆ ಹೇಳುವುದು ಮರೆಯುತ್ತಾರೆ, ಸಂಬಂಧವಿಲ್ಲ ಎಂದುಕೊಂಡು. ಸಂಬಂಧವಿದೆ. ಆ ಔಷಧಗಳಲ್ಲಿ ಕೆಲವು, ಹಲ್ಲು ಕಿತ್ತ ಜಾಗದ ಮೂಳೆ ಮಾಗದಂತೆ ಮಾಡಬಲ್ಲವು. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಅದು ಹಿಡಿತಕ್ಕೆ ಬರಲಿ.

ಮನೆಗೆ ಬಂದ ಮೇಲೆ ಹತ್ತಿಯನ್ನು ಕಚ್ಚಿ ಹಿಡಿದುಕೊಂಡಿರಿ, ಪದೇ ಪದೇ ತೆಗೆದು ನೋಡಬೇಡಿ. ಮೊದಲ ದಿನ ಉಗುಳುವುದು, ಬಾಯಿ ಮುಕ್ಕಳಿಸುವುದು ಬೇಡ. ರಕ್ತ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ. ಎಳನೀರು ಕುಡಿಯಬಹುದು, ಸ್ಟ್ರಾ ಬಿಟ್ಟು ಲೋಟಕ್ಕೆ ಬಗ್ಗಿಸಿಕೊಂಡು. ಆರಿದ ಗಂಜಿ, ಮೊಸರನ್ನ, ಐಸ್‌ಕ್ರೀಂ ನಡೆಯುತ್ತದೆ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಸಿಗರೇಟು, ಹೊಗೆಸೊಪ್ಪು, ಗುಟ್ಕಾ ಮುಟ್ಟಬೇಡಿ. ಊತ ಎರಡು ಮೂರು ದಿನ ಏರಿ ಆಮೇಲೆ ಇಳಿಯಬೇಕು. ಇಳಿಯುವ ಬದಲು ಏರುತ್ತಿದ್ದರೆ, ಜ್ವರ ಬಂದರೆ, ಮೂರನೇ ದಿನ ನೋವು ತಟ್ಟನೆ ಜಾಸ್ತಿಯಾದರೆ ಫೋನ್ ಮಾಡಿ. ದವಡೆಯ ಕೆಳಗೆ ಊದಿಕೊಂಡು ನುಂಗಲು, ಉಸಿರಾಡಲು ಕಷ್ಟವಾದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಖರ್ಚಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜುಗಳನ್ನು ಮರೆಯಬೇಡಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಸರ್ಕಾರಿ ದಂತ ಕಾಲೇಜು ಇದೆ. ಧಾರವಾಡ, ಮಂಗಳೂರು, ಮಣಿಪಾಲ, ಬೆಳಗಾವಿ, ದಾವಣಗೆರೆಯಲ್ಲೂ ಕಾಲೇಜು ಆಸ್ಪತ್ರೆಗಳಿವೆ. ಕಾಯುವುದು ಜಾಸ್ತಿ. ಆದರೆ ಎಕ್ಸ್‌ರೇ ತಜ್ಞರು, ಸರ್ಜನ್, ಕ್ಲಿಪ್ ಹಾಕುವವರು ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ಈ ತೊಂದರೆಗೆ ಮೂವರ ಮಾತೂ ಬೇಕಾಗಬಹುದು.

ಹಲ್ಲು ತೆಗೆದ ಮೇಲೆ ಉಳಿಯುವ ಸಂದಿಯದು ಇನ್ನೊಂದು ಪ್ರಶ್ನೆ. ಮಕ್ಕಳಲ್ಲಿ ಬೇಗ ತೆಗೆದರೆ ಸಂದಿ ಎಷ್ಟೋ ಸಲ ತಾನಾಗಿ ಮುಚ್ಚುತ್ತದೆ. ದೊಡ್ಡವರಲ್ಲಿ ಆ ಭರವಸೆ ಇಟ್ಟುಕೊಳ್ಳಬಾರದು. ಕ್ಲಿಪ್ ಅಥವಾ ಅಲೈನರ್ (ಹಲ್ಲಿಗೆ ತೊಡಿಸುವ ಪಾರದರ್ಶಕ ಕವಚ) ಬೇಕಾಗುತ್ತದೆ, ಮುಚ್ಚಿದ ಮೇಲೆ ಮತ್ತೆ ಬಿಡದಂತೆ ಹಿಂದುಗಡೆ ತಂತಿ ಅಂಟಿಸುತ್ತಾರೆ. ಸಣ್ಣ ಸಂದಿಯಾದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿಸಿದರೂ ಆಯಿತು. ಹಾಗಾಗಿ ಮುಂದಿನ ಹಲ್ಲು ತೆಗೆಸುವ ಮೊದಲೇ ಸಂದಿಗೆ ಏನು ಮಾಡೋದು ಎಂದು ಕೇಳಿಕೊಳ್ಳಿ. ತೆಗೆದ ಮೇಲೆ ಕೇಳಿದರೆ ಬಿಲ್ ನೋಡಿ ಬೇಜಾರಾಗುತ್ತದೆ.

ಒಂದೋ ಎರಡೋ ಹೆಚ್ಚಿದ್ದರೆ ಅದು ಬಾಯಿಯ ವಿಷಯ ಮಾತ್ರ. ಹಲವು ಇದ್ದರೆ ಬಾಯಿಯಾಚೆಗೂ ನೋಡಬೇಕು. ಕ್ಲೈಡೋಕ್ರೇನಿಯಲ್ ಡಿಸ್‌ಪ್ಲೇಸಿಯಾ ಎಂಬ ಹುಟ್ಟಿನಿಂದ ಬರುವ ತೊಂದರೆಯಲ್ಲಿ ಹೆಚ್ಚಿನ ಹಲ್ಲುಗಳು ರಾಶಿ ಇರುತ್ತವೆ. ಜೊತೆಗೆ ಕುತ್ತಿಗೆಯ ಕೆಳಗಿನ ಮೂಳೆಗಳು ಸರಿಯಾಗಿ ಬೆಳೆದಿರುವುದಿಲ್ಲ. ಎರಡು ಭುಜಗಳನ್ನು ಎದೆಯ ಮುಂದೆ ಹತ್ತಿರಹತ್ತಿರ ತರಲು ಆಗುತ್ತದೆ. ಇದಕ್ಕಿಂತ ಎಚ್ಚರ ಬೇಕಾದದ್ದು ಗಾರ್ಡ್‌ನರ್ ಸಿಂಡ್ರೋಮ್. ಹೆಚ್ಚಿನ ಹಲ್ಲು, ದವಡೆಯಲ್ಲಿ ಗಟ್ಟಿ ಮೂಳೆಯ ಗುಬುಟು, ಚರ್ಮದಲ್ಲಿ ಗಂಟು. ಇವು ಮೇಲಿಂದ ಕಾಣುವುದು. ಒಳಗೆ ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್‌ಗಳು, ಅಂದರೆ ಪುಟ್ಟ ಗಂಟುಗಳು, ಬೆಳೆಯುತ್ತಿರುತ್ತವೆ. ಚಿಕಿತ್ಸೆ ಮಾಡದಿದ್ದರೆ ಅವು ಕ್ಯಾನ್ಸರ್ ಆಗುವುದು ಹೆಚ್ಚುಕಡಿಮೆ ಖಚಿತ. ತೀರಾ ಅಪರೂಪದ್ದು, ಆದರೂ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಕರುಳಿನ ಕ್ಯಾನ್ಸರ್ ಆಗಿದ್ದು, ನಿಮಗೆ ಹೆಚ್ಚಿನ ಹಲ್ಲು ಮತ್ತು ದವಡೆಯಲ್ಲಿ ಗುಬುಟು ಇದ್ದರೆ ಹೊಟ್ಟೆಯ ಡಾಕ್ಟರನ್ನು ಕಂಡು ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಬಗ್ಗೆ ಕೇಳಿ. ಹಲ್ಲಿನ ಎಕ್ಸ್‌ರೇ ನೋಡಿ ಕರುಳಿನ ಕಾಯಿಲೆ ಹಿಡಿದ ಉದಾಹರಣೆಗಳಿವೆ.

ನಿಮಗೆ ಹೆಚ್ಚಿನ ಹಲ್ಲಿತ್ತು ಎಂದಾದರೆ ನಿಮ್ಮ ಮಕ್ಕಳ ಬಾಯಿಯನ್ನೂ ಗಮನಿಸಿ. ಆರೇಳು ವರ್ಷಕ್ಕೆ ಮೇಲಿನ ಮುಂದಿನ ಹಲ್ಲು ಬಿದ್ದು ಹೊಸದು ಬರುತ್ತದೆ. ಒಂದು ಬಂದು ಆರು ತಿಂಗಳಾದರೂ ಅದರ ಜೋಡಿ ಬಂದಿಲ್ಲ, ಅಥವಾ ಪಕ್ಕದ ಹಲ್ಲುಗಳು ಮೊದಲು ಬಂದುಬಿಟ್ಟವು ಎಂದರೆ "ಬರುತ್ತೆ ಬಿಡಿ" ಎಂದು ಕಾಯದೆ ಒಂದು ಚಿಕ್ಕ ಎಕ್ಸ್‌ರೇ ತೆಗೆಸಿ. ಒಳಗೆ ಹೆಚ್ಚಿನ ಹಲ್ಲು ದಾರಿ ಕಟ್ಟಿಕೊಂಡು ಕೂತಿರಬಹುದು. ಆ ವಯಸ್ಸಿನಲ್ಲಿ ಅದನ್ನು ತೆಗೆದು ದಾರಿ ಬಿಟ್ಟುಕೊಟ್ಟರೆ, ಜಾಗ ಇದ್ದಲ್ಲಿ ನಿಜವಾದ ಹಲ್ಲು ಬಹಳಷ್ಟು ಸಲ ತಾನೇ ಇಳಿದು ಬರುತ್ತದೆ.